ಕಲ್ಪಿಟಿಯ ತಯಾರಿ: ದೋಣಿ ಬದಲಾಯಿತು, ದಾರಿಯೂ ಸ್ವಲ್ಪ ಬದಲಾಯಿತು

ಶ್ರೀಲಂಕಾದ ಪಶ್ಚಿಮ ಕರಾವಳಿಯ ಕಲ್ಪಿಟಿಯಕ್ಕೆ ಹೋಗಿ, ಕಯಾಕ್ ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಕೂತು ಗಾಳ ಹಾಕೋದು, ಇದು ನನ್ನ ಮತ್ತು ಭಾವಮೈದನ ಪ್ಲಾನ್. ಹೋದ ತಿಂಗಳು ಬರೆದಾಗ ಅದು ತುಂಬಾ ಸಲೀಸು ಅನ್ನಿಸಿತ್ತು. ತುಮಕೂರಿನಲ್ಲಿ ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಬೆಳಗಿನ ಜಾವ ಹೊರಡೋದು, ಹೊಸೂರು, ಸೇಲಂ, ತಿರುಚ್ಚಿ, ತಂಜಾವೂರು ದಾಟಿ ನಾಗಪಟ್ಟಣಂ ಸೇರೋದು, ಅಲ್ಲಿಂದ ಹಡಗು ಹತ್ತಿ ಸುಮಾರು ನಾಲ್ಕು ಗಂಟೆಯಲ್ಲಿ ಶ್ರೀಲಂಕಾದ ಜಾಫ್ನಾ ಬಳಿಯ ಕಾಂಕೇಸಂತುರೈನಲ್ಲಿ ಇಳಿಯೋದು. 2023ರ ಅಕ್ಟೋಬರ್‌ನಲ್ಲಿ ಈ ಹಡಗು ಶುರುವಾದಾಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ಆದರೆ ಅದು ಜನರ ಹಡಗು, ಕಾರು ಹತ್ತಿಸುವಂತಿಲ್ಲ. ಲಗೇಜಿಗೂ ತೂಕದ ಮಿತಿ ಇದೆ. ಹನ್ನೆರಡು ಅಡಿ ಉದ್ದದ ಗಟ್ಟಿ ಪ್ಲಾಸ್ಟಿಕ್ ಕಯಾಕನ್ನು ಯಾರು ಒಪ್ಪುತ್ತಾರೆ ಹೇಳಿ?

ಹಾಗಾಗಿ ಗಾಳಿ ತುಂಬುವ ಕಯಾಕ್ ತಗೊಂಡೆವು. ಎರಡು ವಾರ ಮನಸ್ಸು ಒಪ್ಪಲೇ ಇಲ್ಲ, ಹಳೆಯದರ ಮೇಲೆ ಅಷ್ಟು ಪ್ರೀತಿ. ಮಡಚಿದರೆ ದೊಡ್ಡ ಬ್ಯಾಗಿನಷ್ಟಾಗುತ್ತದೆ, ಹದಿನೇಳು ಕಿಲೋ. ತಳದ ಹಾಸು ಒಳಗೆ ಸಾವಿರಾರು ದಾರಗಳಿಂದ ಹೊಲಿದದ್ದು. ಗಾಳಿ ತುಂಬಿದಾಗ ಆ ದಾರಗಳು ಬಿಗಿದು ತಳ ಹಲಗೆ ಥರ ಗಟ್ಟಿಯಾಗುತ್ತದೆ, ಬಲೂನಿನಂತೆ ಉಬ್ಬಲ್ಲ. ಪಕ್ಕದ ಎರಡು ಟ್ಯೂಬ್‌ಗೆ ಮಾತ್ರ ಕಡಿಮೆ ಒತ್ತಡ. ಮನೆ ಟೆರೇಸಿನ ಮೇಲೆ ತುಂಬಿ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ ಬಿಟ್ಟು ನೋಡಿದೆವು. ಅರ್ಧ ಗಂಟೆಗೆ ಟ್ಯೂಬ್ ತಮಟೆ ಹಾಗೆ ಬಿಗಿಯಾಯಿತು, ಬೆರಳಿಂದ ಹೊಡೆದರೆ ಸದ್ದು ಬರುತ್ತಿತ್ತು. ನೆಲದ ಮೇಲೆ ಬಿಸಿಲಿಗಿಟ್ಟರೆ ಸ್ವಲ್ಪ ಗಾಳಿ ಬಿಡಬೇಕು, ನೀರಿಗಿಳಿದು ತಣ್ಣಗಾದ ಮೇಲೆ ಮತ್ತೆ ಎರಡು ಪಂಪು ಹೊಡೆಯಬೇಕು. ಬಿಸಿಲಿನಲ್ಲಿ ಗಾಳಿ ಬಿಡುವುದನ್ನು ಮರೆತರೆ ಹೊಲಿಗೆ ಬಿಟ್ಟುಕೊಳ್ಳಬಹುದು.

ಗಾಳಿ ದೋಣಿ ಅಂದ ಮೇಲೆ ಕೊಕ್ಕೆಯ ಲೆಕ್ಕವೂ ಬದಲಾಯಿತು. ಲೂರುಗಳಲ್ಲಿದ್ದ (ಮೀನನ್ನು ಸೆಳೆಯುವ ನಕಲಿ ಆಮಿಷಗಳು) ಮೂರು ಮೊನೆಯ ಕೊಕ್ಕೆಗಳನ್ನೆಲ್ಲ ತೆಗೆದು ಒಂಟಿ ಕೊಕ್ಕೆ ಹಾಕಿದ್ದೇನೆ, ಮೊನೆಯ ಹತ್ತಿರ ಹಿಂದಕ್ಕೆ ಚಾಚಿರುವ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಡಿಸಿದ್ದೇನೆ. ದೋಣಿಗೂ ಒಳ್ಳೆಯದು, ಬಿಟ್ಟುಬಿಡುವ ಮೀನಿಗೂ ಒಳ್ಳೆಯದು.

ಭಾನುವಾರ ಗುಬ್ಬಿ ಕಡೆಯ ಒಂದು ಕೆರೆಗೆ ಹೋಗಿದ್ದೆವು. ಮೀನಿನ ಹರಾಜು ಹಿಡಿದವರನ್ನು ಮೊದಲೇ ಕೇಳಿ ಒಪ್ಪಿಗೆ ತಗೊಂಡಿದ್ದೆ. ಗಾಳ ಹಾಕಲ್ಲ, ಮಗುಚಿಬಿದ್ದು ಮತ್ತೆ ಹತ್ತೋದು ಕಲಿಯಬೇಕು ಅಷ್ಟೇ ಅಂದೆ. ಅವರು ದೋಣಿಯ ಸುತ್ತ ಒಂದು ಸುತ್ತು ಬಂದು, ಟ್ಯೂಬ್ ಒತ್ತಿ ನೋಡಿ, "ತೆಪ್ಪ ಮಗುಚಲ್ಲ ಸಾರ್, ಇದು ಮಗುಚುತ್ತಾ?" ಅಂತ ಕೇಳಿದರು. ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಅಗಲ ಜಾಸ್ತಿ ಇರೋದರಿಂದ ಇದು ಸುಲಭಕ್ಕೆ ಮಗುಚಲ್ಲ, ಆದರೆ ದೊಡ್ಡ ಮೀನು ಎಳೆಯುವಾಗ ಒಂದೇ ಪಕ್ಕಕ್ಕೆ ವಾಲಿದರೆ ಮನುಷ್ಯ ಜಾರಿ ನೀರಿಗೆ ಬೀಳೋದು ಗ್ಯಾರಂಟಿ.

ಒಂದೂವರೆ ಆಳು ನೀರಿರುವ ಕಡೆ ಬೇಕಂತಲೇ ಬಿದ್ದೆ. ಬಿದ್ದ ತಕ್ಷಣ ಎರಡು ತಪ್ಪು ಕಂಡವು. ಲೈಫ್ ಜಾಕೆಟ್‌ನ ಪಟ್ಟಿ ಸಡಿಲವಾಗಿತ್ತು, ಅದು ಮೇಲೇರಿ ಕಿವಿ ಮುಚ್ಚಿತು, ನನಗೆ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಗಾಳದ ರಾಡಿಗೆ ಕಟ್ಟಿದ್ದ ಉದ್ದನೆಯ ಹಗ್ಗ ಬಲಗಾಲಿಗೆ ಸುತ್ತಿಕೊಂಡಿತು. ದಡದಿಂದ ಭಾವಮೈದ "ಭಾವ, ಕಾಲು ಒದಿಬೇಡಿ, ಹಗ್ಗ ಸುತ್ತಿದೆ" ಅಂತ ಕೂಗಿದ್ದು ಕೇಳಿಸಿತು, ಒದೆಯೋದು ನಿಲ್ಲಿಸಿದೆ, ಬಿಡಿಸಿಕೊಂಡೆ. ಅಷ್ಟರಲ್ಲಿ ಉಸಿರು ಮೇಲೆ ಬಂದಿತ್ತು. ಒದ್ದೆ ಟ್ಯೂಬ್ ಸೋಪಿನ ಹಾಗೆ ಜಾರುತ್ತದೆ, ಮೂರು ಸಲ ಹತ್ತಲು ಹೋಗಿ ಮೂರು ಸಲವೂ ಜಾರಿದೆ.

ಆಮೇಲೆ ದಡಕ್ಕೆ ಬಂದು ಪಕ್ಕದ ಹಿಡಿಗೆ ದಪ್ಪ ಪಟ್ಟಿಯಿಂದ ಒಂದು ಕುಣಿಕೆ ಕಟ್ಟಿದೆವು, ನೀರಿನೊಳಗೆ ಮೊಣಕಾಲಿನ ಮಟ್ಟಕ್ಕೆ ಇಳಿಬೀಳುವ ಹಾಗೆ. ಅದರಲ್ಲಿ ಕಾಲಿಟ್ಟು, ಆ ಕಡೆಯ ಟ್ಯೂಬ್ ಹಿಡಿದು, ಹೊಟ್ಟೆ ಮೇಲೆ ಅಡ್ಡ ಬಿದ್ದು, ಆಮೇಲೆ ತಿರುಗಿ ಕೂರಬೇಕು. ಆರನೇ ಸಲಕ್ಕೆ ಒಂದು ನಿಮಿಷದೊಳಗೆ ಮೇಲಿದ್ದೆ. ರಾಡಿನ ಹಗ್ಗವನ್ನು ಮೊಳದಷ್ಟು ಗಿಡ್ಡ ಮಾಡಿದ್ದೇವೆ. ಜಾಕೆಟ್‌ಗೆ ಕಾಲಿನ ಸಂದಿಯಲ್ಲಿ ಬರುವ ಪಟ್ಟಿ ಹೊಲಿಸಲು ನಮ್ಮ ಬೀದಿಯ ಬ್ಯಾಗ್ ರಿಪೇರಿಯವರಿಗೆ ಕೊಟ್ಟಿದ್ದೇನೆ. ಈ ಒಂದು ಬೆಳಿಗ್ಗೆ ಕಲಿತಷ್ಟು ಮೂರು ತಿಂಗಳು ವಿಡಿಯೋ ನೋಡಿದರೂ ಕಲಿತಿರಲಿಲ್ಲ.

ದಾರಿಯ ವಿಷಯ. ಜಾಫ್ನಾದಲ್ಲಿ ಇಳಿದ ಮೇಲೆ ಅಲ್ಲಿಯೇ ಎರಡು ದಿನ ಗಾಳ ಹಾಕೋಣ ಅಂತ ಭಾವಮೈದನ ಆಸೆ ಇತ್ತು. ನಾನು ಬೇಡ ಅಂದೆ, ಇದರಲ್ಲಿ ಗಟ್ಟಿಯಾಗಿ ನಿಂತಿದ್ದೇನೆ. ಭಾರತ ಮತ್ತು ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಯಲ್ಲಿ ನಮ್ಮ ಕಡೆಯ ಟ್ರಾಲರ್‌ಗಳು ಗಡಿ ದಾಟಿ ಬಂದು ತಳ ಗುಡಿಸಿಕೊಂಡು ಹೋಗುತ್ತವೆ, ಬಲೆ ಹರಿದುಹಾಕುತ್ತವೆ ಅಂತ ಜಾಫ್ನಾದ ಮೀನುಗಾರರು ವರ್ಷಗಳಿಂದ ಗೋಳಾಡುತ್ತಿದ್ದಾರೆ. ಅವರ ನೌಕಾಪಡೆ ತಮಿಳುನಾಡಿನ ದೋಣಿಗಳನ್ನು ಹಿಡಿಯುವುದು ನಮ್ಮ ಪೇಪರಿನಲ್ಲೇ ಬರುತ್ತದೆ. ಅಂಥ ನೀರಿನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಶೋಕಿಗೆ ರಾಡು ಬೀಸುವುದು ನನಗೆ ಸರಿ ಕಾಣಲಿಲ್ಲ. ಅಲ್ಲಿ ಊಟ ಮಾಡಿ, ಊರು ನೋಡಿ, ಮುಂದೆ ಹೊರಡುತ್ತೇವೆ.

ಅಲ್ಲಿಂದ ಎ9 ಹೆದ್ದಾರಿಯಲ್ಲಿ ದಕ್ಷಿಣಕ್ಕೆ, ಮೆದವಚ್ಚಿಯ, ಅನುರಾಧಪುರ, ಆಮೇಲೆ ಎ12ರಲ್ಲಿ ಪುತ್ತಳಂ. ಪಾಲಾವಿ ಹತ್ತಿರ ತಿರುಗಿದರೆ ಕಲ್ಪಿಟಿಯ ದಾರಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಆಳವಿಲ್ಲದ ಪುತ್ತಳಂ ಹಿನ್ನೀರು. ನಾವು ಗಾಳ ಹಾಕೋದು ಹಿನ್ನೀರಿನ ಕಡೆ. ಸಮುದ್ರದ ಕಡೆ ಇರುವ ಬಾರ್ ರೀಫ್ ಹವಳದ ದಿಬ್ಬ ರಕ್ಷಿತ ಪ್ರದೇಶ, ಅಲ್ಲಿ ರಾಡು ಬಿಚ್ಚುವ ಮಾತೇ ಇಲ್ಲ. ನನಗೆ ಬೇಕಿರುವುದು ಬಾರಮುಂಡಿ ಮೀನು, ಬಂಗಾಳಿಗಳ ಭೆಟ್ಕಿ. ತಮಿಳಿನಲ್ಲಿ ಕೊಡುವಾ, ಸಿಂಹಳದಲ್ಲಿ ಮೋದ. ಆ ಭಾಗದಲ್ಲಿ ತಮಿಳು ಆಡುವವರು ತುಂಬಾ ಇದ್ದಾರೆ, ಹೊಸೂರಿನಲ್ಲಿ ಆರು ವರ್ಷ ಕೆಲಸ ಮಾಡಿದ ಭಾವಮೈದ ಇರುವಾಗ ಮಾತಿಗೆ ಚಿಂತೆ ಇಲ್ಲ.

ಗಾಡಿ ನಾವೇ ಓಡಿಸೋಣ ಅಂತಿತ್ತು, ಅಲ್ಲೂ ನಮ್ಮ ಹಾಗೆ ಎಡಗಡೆಯೇ. ಆದರೆ ಇಲ್ಲಿನ ಆರ್‌ಟಿಒದಲ್ಲಿ ಮಾಡಿಸುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್‌ಗೆ ಅಲ್ಲಿನ ಮಾನ್ಯತೆಯೂ ಬೇಕು, ಆ ಕೆಲಸ ಆಗುವುದು ಕೊಲಂಬೊ ಕಡೆ. ನಾವು ಇಳಿಯುವುದು ಉತ್ತರದ ತುದಿಯಲ್ಲಿ. ಡ್ರೈವರ್ ಸಮೇತ ವ್ಯಾನ್ ಅಂತ ತೀರ್ಮಾನ ಆಯಿತು.

ತಿಂಗಳು ಮಾರ್ಚ್. ಮೇನಿಂದ ಅಕ್ಟೋಬರ್‌ವರೆಗೆ ಕಲ್ಪಿಟಿಯದಲ್ಲಿ ನೈಋತ್ಯ ಗಾಳಿ ಜೋರು, ಗಾಳಿಪಟ ಕಟ್ಟಿಕೊಂಡು ಹಲಗೆ ಮೇಲೆ ಓಡುವವರು ಅದಕ್ಕೇ ಬರುತ್ತಾರೆ. ಗಾಳಿ ತುಂಬಿದ ಹಗುರ ದೋಣಿಗೆ ಅದು ಶತ್ರು. ಎರಡು ಮಾರುತಗಳ ನಡುವಿನ ಮಾರ್ಚ್‌ನಲ್ಲಿ ಬೆಳಗಿನ ನೀರು ಅಲೆಯಿಲ್ಲದೆ ಶಾಂತವಾಗಿರುತ್ತದೆ. ಏಪ್ರಿಲ್ 13, 14ಕ್ಕೆ ಅವರ ಹೊಸ ವರ್ಷ, ಅಂಗಡಿ ಮುಂಗಟ್ಟು ಮುಚ್ಚಿರುತ್ತದೆ, ಅದಕ್ಕಿಂತ ಮುಂಚೆ ವಾಪಸ್ ಬಂದಿರಬೇಕು.

ಬರುವ ಭಾನುವಾರ ಮತ್ತೆ ಅದೇ ಕೆರೆ. ಈ ಸಲ ಭಾವಮೈದ ಬೀಳಬೇಕು, ನಾನು ಪ್ಯಾಡಲ್ ಹೊಡೆದು ಹೋಗಿ ಎತ್ತಬೇಕು. ಬಲೆ ಬಿಡೋ ಮುಂಚೆ, ಆರು ಗಂಟೆಗೆ ಬನ್ನಿ ಅಂತ ಹರಾಜು ಹಿಡಿದವರು ಅಂದಿದ್ದಾರೆ.