ನಾಲ್ಕನೆಯದಕ್ಕೆ ಉತ್ತರ ಎಲ್ಲಿ?

ಸೋಮವಾರ ಸಂಜೆಯಿಂದ ಅಪ್ಪ ಒಂದೇ ಮಾತು ಕೇಳುತ್ತಿದ್ದಾರೆ: "ನಾಲ್ಕನೆಯದಕ್ಕೆ ಉತ್ತರ ಎಲ್ಲಿ?"

ಲೋಕಸಭೆಯಲ್ಲಿ ನಮ್ಮ ಸಂಸದರು ಕೇಳಿದ ಪ್ರಶ್ನೆಗೆ ಸಚಿವರು ಕೊಟ್ಟ ಲಿಖಿತ ಉತ್ತರವನ್ನು ಮುದ್ರಿಸಿ ಅವರ ಕೈಗಿತ್ತಿದ್ದೆ. ಪ್ರಶ್ನೆ ಸಂಸದರ ಹೆಸರಿನಲ್ಲಿದ್ದರೂ ಹುಟ್ಟಿದ್ದು ನಮ್ಮ ಮನೆಯಲ್ಲೇ. ಕಾರ್ಖಾನೆಯಿಂದ ನಿವೃತ್ತರಾದ ಅಪ್ಪ ಮತ್ತು ಅವರ ಸಂಗಡಿಗರ ಪಿಂಚಣಿ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿವೆ. ಎಷ್ಟು ಅರ್ಜಿ ಬಂದಿವೆ, ಎಷ್ಟು ಇತ್ಯರ್ಥವಾಗಿವೆ, ತಡಕ್ಕೆ ಕಾರಣವೇನು, ಈ ಮೂರನ್ನು ನಾನು ಬರೆದೆ. ನಾಲ್ಕನೆಯದನ್ನು ಅಪ್ಪ ಹೇಳಿ ಬರೆಸಿದರು: ಅರ್ಜಿ ಇತ್ಯರ್ಥವಾಗುವ ಮೊದಲೇ ತೀರಿಕೊಂಡವರು ಎಷ್ಟು ಮಂದಿ? ಅವರ ಪಕ್ಕದ ಲೇತ್‌ನಲ್ಲಿ 22 ವರ್ಷ ದುಡಿದ ಗೆಳೆಯರು ಕಳೆದ ವರ್ಷ ಹೋಗಿಬಿಟ್ಟರು.

ಪ್ರಶ್ನೆಯ ಭಾಗಗಳು (ಎ), (ಬಿ), (ಸಿ), (ಡಿ) ಎಂದು ಒಂದರ ಕೆಳಗೊಂದು ಅಚ್ಚಾಗಿದ್ದವು. ಉತ್ತರ ಶುರುವಾದದ್ದೇ "(ಎ)ಯಿಂದ (ಡಿ)ವರೆಗೆ" ಎಂದು. ಕೆಳಗೆ ಒಂದೇ ಪ್ಯಾರಾ. ಅರ್ಜಿಗಳ ವಿಲೇವಾರಿ ನಿರಂತರ ಪ್ರಕ್ರಿಯೆ, ಶೀಘ್ರ ಇತ್ಯರ್ಥಕ್ಕೆ ಕ್ರಮ ಕೈಗೊಳ್ಳಲಾಗಿದೆ. ಬಂದ ಅರ್ಜಿಗಳ ಒಟ್ಟು ಸಂಖ್ಯೆಯೊಂದನ್ನು ಕೊಟ್ಟಿದ್ದರು. ಸತ್ತವರ ಸುದ್ದಿಯೇ ಇಲ್ಲ. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಓದಿ, ಹಾಳೆ ತಿರುವಿ, ಖಾಲಿ ಬೆನ್ನನ್ನು ನೋಡಿ, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಆ ಮಾತು ಕೇಳಿದರು.

ಮರುದಿನ ಸಂಸದರ ಕಚೇರಿಗೆ ಫೋನ್ ಮಾಡಿದೆ. "ಉತ್ತರ ಬಂದಿದೆಯಲ್ಲ ಮೇಡಂ, ಇನ್ನೇನು?" ಎಂದರು ಆಪ್ತ ಸಹಾಯಕರು. ಕೆಟ್ಟ ಮನುಷ್ಯರಲ್ಲ. ಉದ್ದವಾಗಿದ್ದ ನಮ್ಮ ಕರಡನ್ನು 150 ಪದಗಳ ಮಿತಿಗೆ ಇಳಿಸಿಕೊಟ್ಟವರು ಅವರೇ. ಆದರೆ ಪ್ರಶ್ನೆ ಎಂದರೆ ಅವರಿಗೆ ಎಣಿಕೆ. ಚುನಾವಣೆ ಹೊತ್ತಿಗೆ ಸಾಹೇಬರು ಇಷ್ಟು ಪ್ರಶ್ನೆ ಕೇಳಿದರು ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತು. "ಉತ್ತರ ಬಂದಿದೆಯಲ್ಲ" ಎಂಬುದು ಅಂದಿನಿಂದ ನನ್ನ ಕಿವಿಯಲ್ಲೇ ಕೂತಿದೆ.

ನಮ್ಮದು ಚುಕ್ಕೆ ರಹಿತ ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ ಅಂಥ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಮಂಡಿಸಿದರೆ ಸಾಕು, ಸಚಿವರು ಎದ್ದು ನಿಲ್ಲಬೇಕಾಗಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಅದೂ ಚೀಟಿ ಎತ್ತಿ ಆರಿಸಿದವು. ಸಚಿವರು ಸದನದಲ್ಲಿ ಮುಖ ಕೊಟ್ಟು ಉತ್ತರಿಸಬೇಕಾದದ್ದು ಅಲ್ಲಿ. ಅಲ್ಲಾದರೆ ಪೂರಕ ಪ್ರಶ್ನೆ ಎಂಬುದೊಂದಿದೆ: "ಮಾನ್ಯರೇ, (ಡಿ) ಭಾಗಕ್ಕೆ ಉತ್ತರ ಬಂದಿಲ್ಲ" ಎಂದು ಅಲ್ಲೇ ತಡೆಯಬಹುದು. ಪ್ರಶ್ನೋತ್ತರಕ್ಕೆಂದೇ ಇರುವ ಆ ಒಂದು ಗಂಟೆ ಗದ್ದಲದಲ್ಲಿ ಕೊಚ್ಚಿಹೋದಾಗ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಘೋಷಣೆ ಕೂಗುವವರಿಗೂ ಸಿಟ್ಟಿರಬಹುದು, ಆದರೆ ಸದನ ಮುಂದೂಡಿಕೆಯಾದರೆ ಮೊದಲು ಬಚಾವಾಗುವವರು ಅಂದು ಉತ್ತರಿಸಬೇಕಿದ್ದ ಸಚಿವರೇ.

ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ 1957ರಷ್ಟು ಹಿಂದೆ ಹೋಗಬೇಕು. ಜೀವವಿಮಾ ನಿಗಮದ ಹಣವನ್ನು ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ತೊಡಗಿಸಿದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಸಿಕ್ಕಿದ್ದು ನುಣುಚಿಕೊಳ್ಳುವ ಉತ್ತರ. ಫಿರೋಜ್ ಗಾಂಧಿ ಅಷ್ಟಕ್ಕೆ ಕೂರಲಿಲ್ಲ. ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ಡಿಸೆಂಬರ್‌ನಲ್ಲಿ ಚರ್ಚೆಗೆ ಎಳೆದರು, ತನಿಖೆಗೆ ಛಾಗ್ಲಾ ಆಯೋಗ ಬಂತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂದೂ ಯಾರಾದರೂ "ಉತ್ತರ ಬಂದಿದೆಯಲ್ಲ" ಎಂದಿರಬೇಕು.

ಅಪ್ಪನ ಪ್ರಶ್ನೆಗೆ ಹತ್ತಿರದ್ದು 2020ರ ಸೆಪ್ಟೆಂಬರ್‌ನದು. ಕೋವಿಡ್ ಕಾರಣಕ್ಕೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರವಷ್ಟೇ ಉಳಿದಿತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರ ಲೆಕ್ಕ ಕೇಳಿದರೆ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಸರ್ಕಾರ ಹೇಳಿತು. ಓದಿದಾಗ ಹೊಟ್ಟೆ ಉರಿದಿತ್ತು. ಈಗ ಅನ್ನಿಸುತ್ತದೆ, ಕನಿಷ್ಠ ಅದು ಉತ್ತರವಾಗಿತ್ತು. ಲೆಕ್ಕವಿಲ್ಲ ಎಂದು ಸರ್ಕಾರ ತನ್ನ ಬಾಯಿಂದಲೇ ಒಪ್ಪಬೇಕಾಯಿತು, ದೇಶ ಅದನ್ನು ಹಿಡಿದು ಕೇಳಿತು. ನಮ್ಮ ಹಾಳೆಯಲ್ಲಿ ಹಿಡಿಯಲು ಏನೂ ಇಲ್ಲ. "(ಎ)ಯಿಂದ (ಡಿ)ವರೆಗೆ" ಎಂಬ ಚೀಲದೊಳಗೆ ಸತ್ತವರನ್ನು ಹಾಕಿ ಬಾಯಿ ಕಟ್ಟಿದ್ದಾರೆ. "ಗೊತ್ತಿಲ್ಲ" ಎಂದಿದ್ದರೂ ಅಪ್ಪ ಸುಮ್ಮನಾಗುತ್ತಿದ್ದರೇನೋ.

ಗುರುವಾರ ಮತ್ತೆ ಫೋನ್ ಮಾಡಿದೆ. ಈ ಬಾರಿ ವಾದಿಸಲಿಲ್ಲ, ಪ್ರಶ್ನೆ ಮತ್ತು ಉತ್ತರವನ್ನು ಸಾಲು ಸಾಲಾಗಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಹೌದು, ನಾಲ್ಕನೆಯದು ಬಿಟ್ಟುಹೋಗಿದೆ" ಎಂದರು. ಚುಕ್ಕೆ ಗುರುತಿನಡಿ ಕೊಟ್ಟು ನೋಡೋಣ, ಆದರೆ ಚೀಟಿಯಲ್ಲಿ ಏಳಬೇಕು, 15 ದಿನ ಮೊದಲೇ ನೋಟಿಸ್ ಹೋಗಬೇಕು, ನಾಳೆಯೇ ಕಳುಹಿಸಿ ಎಂದರು.

ರಾತ್ರಿ ಹೊಸ ಕರಡು ಬರೆದೆ. ಹಳೆಯ ಮೂರು ಭಾಗಗಳನ್ನು ಕಿತ್ತುಹಾಕಿ ಒಂದೇ ವಾಕ್ಯ ಉಳಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದು ಈಗ ಒಂದನೆಯದು, ಅಲ್ಲವೇ?"

"ಹೌದಪ್ಪ. ಇದೊಂದೇ."

"ಹಾಗಾದರೆ ಕಳುಹಿಸು."