ಗಿಡ್ಡ ನಳಿಗೆಯ ರಿವಾಲ್ವರ್ ಆರಿಸಿದ ದಿನ

19 ಅಕ್ಟೋಬರ್ 2024, ಶನಿವಾರ
ಪ್ಲೇನೋ, ಟೆಕ್ಸಾಸ್

ಬಲಗೈ ಹೆಬ್ಬೆರಳ ಬುಡ ಇನ್ನೂ ಕೆಂಪಗಿದೆ. ರಾತ್ರಿ ಚಪಾತಿ ಹಿಟ್ಟು ನಾದಲು ಆಗಲಿಲ್ಲ, ಇವರೇ ನಾದಿಕೊಟ್ಟರು.

ಅಂಗಡಿ ಬಾಗಿಲು ಹಾಕಿ, ಗಲ್ಲಾದ ದುಡ್ಡು ಹಿಡಿದು, ಹತ್ತು ಗಂಟೆಗೆ ಕಾರಿನವರೆಗೆ ಒಬ್ಬಳೇ ನಡೆಯುವವಳು ನಾನು. ವೀಸಾದ ಮೇಲಿದ್ದಷ್ಟು ವರ್ಷ, ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ದಾರಿಯಾಯಿತು. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಆದರೂ ಕ್ಲಾಸಿಗೆ ಹೋಗಿ, 50 ಗುಂಡು ಹೊಡೆದು ತೋರಿಸಿ, ಲೈಸೆನ್ಸ್ ತೆಗೆದುಕೊಂಡೆ. ಕಲಿಯದೆ ಮುಟ್ಟಲು ನನಗೆ ಧೈರ್ಯವಿರಲಿಲ್ಲ.

ಇವತ್ತು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಮೂರು ರಿವಾಲ್ವರ್ ಬಾಡಿಗೆಗೆ ತೆಗೆದುಕೊಂಡು ಹೊಡೆದೆ. ಮೊದಲನೆಯದು ಸ್ಕ್ಯಾಂಡಿಯಂ ಬೆರೆಸಿದ ಹಗುರ ಲೋಹದ್ದು, 350 ಗ್ರಾಂಗೂ ಕಡಿಮೆ. ಎತ್ತಿದಾಗ ಎಷ್ಟು ಹಿತವಾಗಿತ್ತು! .357 ಮ್ಯಾಗ್ನಮ್ ಎಂಬ ಭಾರೀ ಜೋರಿನ ಗುಂಡು ಹಾಕಿ ಹೊಡೆದೆ ನೋಡಿ, ಅಂಗೈಗೆ ಒನಕೆಯಿಂದ ಕುಟ್ಟಿದ ಹಾಗಾಯಿತು. ಎರಡನೇ ಗುಂಡಿಗೆ ಕೈ ತಾನಾಗಿಯೇ ಬೆದರಿ, ಗುರಿಯ ಕಾಗದಕ್ಕೇ ತಾಗಲಿಲ್ಲ. ಬಂದೂಕಿನ ತೂಕ ಇಳಿದಷ್ಟೂ ಒದೆತ ಕೈಗೆ ಬರುತ್ತದೆ ಅಂತ ಕ್ಲಾಸಿನಲ್ಲಿ ಕೇಳಿದ್ದೆ. ಇವತ್ತು ಗೊತ್ತಾಯಿತು.

ಎರಡನೆಯದು ರೂಗರ್ ಎಲ್‌ಸಿಆರ್, ಸುಮಾರು 380 ಗ್ರಾಂ. ಅದರ ಟ್ರಿಗರ್ ಎಳೆತ ಬಹಳ ನಯ. ಕೊನೆಗೆ ಮನಸ್ಸು ನಿಂತದ್ದು ಮೂರನೆಯದಾದ ಸ್ಮಿತ್ ಆಂಡ್ ವೆಸ್ಸನ್ 642ರ ಮೇಲೆ. ಅಲ್ಯೂಮಿನಿಯಂ ಮೈ, 410 ಗ್ರಾಂ ಚಿಲ್ಲರೆ, ಐದು ಗುಂಡು, ಎರಡು ಇಂಚಿಗೂ ಗಿಡ್ಡ ನಳಿಗೆ. ಗುಂಡು ಹಾರಿಸಲು ಬಡಿಯುವ ಹ್ಯಾಮರ್ ಒಳಗೇ ಅಡಗಿರುವುದರಿಂದ ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕುವುದಿಲ್ಲ, ನನ್ನ ಪುಟ್ಟ ಕೈಗೂ ಹಿಡಿ ಸರಿಯಾಗಿ ಕೂರುತ್ತದೆ.

ಅಲ್ಲಿ ಕಲಿಸುವ ಹಿರಿಯರು .38 ಸ್ಪೆಷಲ್ ಎಂಬ, ಮ್ಯಾಗ್ನಮ್‌ಗಿಂತ ಕಡಿಮೆ ಜೋರಿನ ಬಗೆಯಲ್ಲಿ 148 ಗ್ರೇನಿನ, ಅಂದರೆ ಸುಮಾರು ಒಂಬತ್ತೂವರೆ ಗ್ರಾಂ ತೂಕದ, ವಾಡ್‌ಕಟರ್ ಕೊಟ್ಟರು. ಮೂತಿ ಚಪ್ಪಟೆಯಾದ, ಮೆತ್ತಗೆ ಒದೆಯುವ ಗುಂಡು. ಏಳು ಗಜದಿಂದ ಐದೂ ಕಾಗದದ ಮೇಲೆ! ಪಂಚಿಂಗ್ ಮಶೀನ್ ಒತ್ತಿದ ಹಾಗೆ ದುಂಡು ತೂತುಗಳು, ನನ್ನ ಅಂಗೈ ಅಗಲದೊಳಗೆ. ಆ ಕಾಗದ ಮಡಚಿ ಮನೆಗೆ ತಂದಿದ್ದೇನೆ.

ದುಡ್ಡು ಇನ್ನೂ ಕೊಟ್ಟಿಲ್ಲ. ಮಗನಿಗೆ ಈಗ ಆರು ವರ್ಷ, ಸಿಕ್ಕ ಡ್ರಾಯರನ್ನೆಲ್ಲ ಎಳೆಯುತ್ತಾನೆ. ನಂಬರ್ ಒತ್ತಿ ತೆರೆಯುವ ಉಕ್ಕಿನ ಪೆಟ್ಟಿಗೆ, ಟ್ರಿಗರ್ ಪೂರ್ತಿ ಮುಚ್ಚುವ, ಜೇಬಿನಲ್ಲಿಡುವ ಹೋಲ್‌ಸ್ಟರ್ ಎಂಬ ಒರೆ, ಎರಡೂ ಗುರುವಾರ ಬರುತ್ತವಂತೆ. ಪೆಟ್ಟಿಗೆಯನ್ನು ಇವರು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಮೇಲೆಯೇ ರಿವಾಲ್ವರ್ ಹೊಸ್ತಿಲು ದಾಟಬೇಕು.