ಮುತ್ತುಗ ಹೂಬಿಟ್ಟಾಗ

ಬಯಲುಸೀಮೆಯಲ್ಲಿ ಬಿಸಿಲು ಬಲಿಯುವ ಮೊದಲು ಹಕ್ಕಿ ನೋಡಬೇಕೆಂದರೆ ಹೂಬಿಟ್ಟ ಮುತ್ತುಗದ ಮರ ಹುಡುಕಿ. ಬೆಳಗ್ಗೆ ಏಳರೊಳಗೆ, ಸೂರ್ಯನಿಗೆ ಬೆನ್ನು ಹಾಕಿ, ಇಪ್ಪತ್ತು ಹೆಜ್ಜೆ ದೂರ ಕೂರಿ. ಬೆಳಕಿಗೆ ಎದುರಾಗಿ ಕೂತರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ, ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಯ ಗಂಡು ಹೆಣ್ಣೂ ತಿಳಿಯದು. 8×42 ಬೈನಾಕ್ಯುಲರ್ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮಸೂರದ್ದು) ಸಾಕು. 10× ಹಿಡಿದರೆ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಗೊರವಂಕ, ಪಿಕಳಾರ, ಕಾಜಾಣ ಮಕರಂದಕ್ಕೆ ಬರುತ್ತವೆ. ಗಿಳಿಗಳು ಹೂವನ್ನೇ ಕಚ್ಚಿ ಕೆಡವುತ್ತವೆ.

ಹತ್ತಿರದಲ್ಲಿ ಮಣ್ಣಿನ ದಿಬ್ಬವಿದ್ದರೆ ಜೇನ್ನೊಣ ತಿನ್ನುವ ಪುಟ್ಟ ಹಸಿರು ಹಕ್ಕಿ ಕಳ್ಳಿಪೀರದ ಬಿಲ ಇರಬಹುದು, ಇದು ಅವು ಗೂಡು ಮಾಡುವ ಕಾಲ. ಜೇನ್ನೊಣ ಹಿಡಿದು ತಂತಿಗೆ ಉಜ್ಜಿ ಕೊಂಡಿ ಕಳಚುವುದನ್ನು ನೋಡಲೇಬೇಕು. ಆದರೆ ಕೊಕ್ಕಿನಲ್ಲಿ ಹುಳ ಇಟ್ಟುಕೊಂಡೂ ಬಿಲಕ್ಕೆ ಹೋಗದೆ ತಂತಿಯ ಮೇಲೇ ಕೂತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಕೂಡಲೇ ಹಿಂದೆ ಸರಿಯಿರಿ, ಒಳಗೆ ಮರಿಗಳು ಹಸಿದಿರುತ್ತವೆ. ನಾವು ನೋಡುವಷ್ಟೇ ಗಮನವಿಟ್ಟು ಅದೂ ನಮ್ಮನ್ನು ನೋಡುತ್ತದೆ ಅನ್ನುವುದು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಒಂಬತ್ತರ ಮೇಲೆ ಹಕ್ಕಿ ಕಡಿಮೆ, ಕೀಟ ಹೆಚ್ಚು. ನಿಂಬೆ, ಕರಿಬೇವಿನ ಚಿಗುರನ್ನು ನೋಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಎಳೆ ಹುಳ, ಬಲಿತಾಗ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ನಾಲ್ಕೆಲೆ ತಿಂದರೆ ತಿನ್ನಲಿ, ದಯವಿಟ್ಟು ಔಷಧಿ ಹೊಡೆಯಬೇಡಿ.